ಜೇಬಿರುವ ಪರದೆ

"ಮೊದಲು ರೂಮು ನೋಡ್ತೀನಿ,
ಮಾತು ಆಮೇಲೆ" ಅಂದಳು ಹೊನ್ನೂರಮ್ಮ
ಕಾಜಾ ಮಷಿನ್ನಿನಿಂದ ತಲೆ ಎತ್ತದೆ.
ಮುಂಡ್ರಿಗಿಯ ಯೂನಿಟ್ಟಿನ ಅಷ್ಟು ಸದ್ದಿನಲ್ಲೂ
ಅದು ನನಗೊಬ್ಬನಿಗೇ ಕೇಳಿಸಿತು.

ಶನಿವಾರ ರಾತ್ರಿ, ಕೌಲ್ ಬಜಾರಿನ ಈ ಮಹಡಿಕೋಣೆಯಲ್ಲಿ,
ನಲವತ್ತೊಂದರ ನಾನು, ಕಟಿಂಗ್ ಮಾಸ್ತರ ಗಾದಿಲಿಂಗ,
ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದವನಂತೆ
ಮೊದಲ ಸಲ ನನ್ನ ಗೋಡೆಗಳನ್ನು ಓದಿದೆ.

ಏನೆಲ್ಲ ಬರೆದಿತ್ತು!
ಐದು ವರ್ಷದ ಕ್ಯಾಲೆಂಡರು ಒಂದೇ ಮೊಳೆಗೆ,
ಮೇಲಿನದು ದಾರದಂಗಡಿಯದು, ಅದೂ ಜೂನಿಗೇ ನಿಂತಿದೆ.
ಒಂದು ತಟ್ಟೆ, ಒಂದು ಲೋಟ,
ಚಮಚ ಮಾತ್ರ ಹನ್ನೊಂದು, ಯಾಕೋ ಗೊತ್ತಿಲ್ಲ.
ಬಾಗಿಲ ಹಿಂದೆ ಗೂಟಕ್ಕೆ ಅಂಗಿಯ ಮೇಲೆ ಅಂಗಿ,
ಐದಾರು ಗಂಡಸರು ತಪ್ಪು ಮಾಡಿ
ಗೋಡೆಗೆ ಮುಖ ಹಾಕಿ ನಿಂತಂತೆ.

ಬೆಳಿಗ್ಗೆ ಬೆಂಗಳೂರು ರೋಡಿಗೆ ಹೋಗಿ
ಎರಡನೇ ದಿಂಬು ತಂದೆ.
ಮಂಚದ ಮೇಲಿಟ್ಟೆ. ತೀರ ಹೆಚ್ಚು ಹೇಳುತ್ತಿತ್ತು.
ಬೀರುವಿನಲ್ಲಿಟ್ಟೆ. ಬಾಗಿಲು ಮುಚ್ಚಲಿಲ್ಲ.
ಕೊನೆಗೆ ಕುರ್ಚಿಯ ಮೇಲೆ ಕೂರಿಸಿದೆ, ನೆಂಟರ ಹಾಗೆ,
ಪ್ಲಾಸ್ಟಿಕ್ ಕವರು ತೆಗೆಯದೆ.

ಉಳಿದದ್ದು ಗೋಡೆಬೀರುವಿನ ಕನ್ನಡಿ.
ಅದರ ಅಂಚಿಗೆ ಎಂಟು ಬಿಂದಿ,
ಹಿಂದೆ ಬಾಡಿಗೆಗಿದ್ದ ಕಂಡಕ್ಟರನ ಹೆಂಡತಿಯವು.
ನಾಲ್ಕು ವರ್ಷ ಅವನ್ನು ಕೀಳಲಿಲ್ಲ ನಾನು.
ಗಡ್ಡ ಹೆರೆವಾಗ, ಯಾರೋ ಸ್ನಾನಕ್ಕೆ ಹೋಗಿದ್ದಾರೆ,
ಇನ್ನೇನು ಬರುತ್ತಾರೆ ಅನ್ನಿಸುತ್ತಿತ್ತು.
ಇದನ್ನು ಯಾರಿಗೂ ಹೇಳಿಲ್ಲ.
ಬ್ಲೇಡಿನಿಂದ ಎಂಟನ್ನೂ ಕೆರೆದೆ.

ಅಂಟು ಉಳಿಯಿತು.
ಊಟದ ಹೊತ್ತಿಗೆ ಸಂಡೂರಿನ ಲಾರಿಗಳ ಕೆಂಧೂಳು
ಕಿಟಕಿಯಿಂದ ಬಂದು, ಹುಡುಕಿ ಹುಡುಕಿ ಅಲ್ಲೇ ಕೂತು
ಎಂಟೂ ಬಿಂದಿಯನ್ನು ಮತ್ತೆ ಇಟ್ಟಿತು,
ಮೊದಲಿಗಿಂತ ಕೆಂಪಗೆ.

ನಾಲ್ಕು ಗಂಟೆಗೆ ಬಂದಳು,
ತಮ್ಮನ ಹೆಂಡತಿಯನ್ನು ಕೆಳಗೆ ಓನರಮ್ಮನ ಹತ್ತಿರ ಬಿಟ್ಟು,
ಬಾಗಿಲು ಪೂರ್ತಿ ತೆರೆದಿಟ್ಟು.
ಕುರ್ಚಿಯ ದಿಂಬು ನೋಡಿ
"ಇವರ್ಯಾರು, ಹೊಸಬರು?" ಅಂದಳು.
ಕನ್ನಡಿ ನೋಡಿದಳು. ಅದನ್ನು ಕೇಳಲಿಲ್ಲ.
ನಾನೇ ಹೇಳಿದೆ, ಕಂಡಕ್ಟರನಿಂದ ಶುರುಮಾಡಿ,
ಬೇಕಾದ್ದಕ್ಕಿಂತ ಉದ್ದಕ್ಕೆ.
"ಬ್ಲೇಡಿಗೆ ಹೋಗಲ್ಲ ಅದು. ಕೊಬ್ಬರಿ ಎಣ್ಣೆ ಹಚ್ರಿ."
ಅಷ್ಟೇ.

ಮಂಚ ನೋಡಿದಳು.
ಎಡಕ್ಕೆ ನನ್ನ ಅಳತೆಯ ತಗ್ಗು,
ಬಲಕ್ಕೆ ಅಂಗಡಿಯಿಂದ ತಂದಾಗ ಇದ್ದ ಹಾಗೇ.
ಏನೂ ಅನ್ನಲಿಲ್ಲ. ನನ್ನ ಕಿವಿ ಮಾತ್ರ ಬಿಸಿಯಾಯಿತು.

ನಿಂತದ್ದು ಕಿಟಕಿಯ ಹತ್ತಿರ.
ಪರದೆ ರಿಜೆಕ್ಟ್ ಲಾಟಿನ ಜೀನ್ಸ್ ಬಟ್ಟೆಯದು,
ಬಳ್ಳಾರಿ ಬಿಸಿಲಿಗೆ ಅದೇ ಸರಿ, ಅರ್ಧ ಗೋಡೆಗೆ ಸಮ.
ಹಿಂದಿನ ಜೇಬೊಂದನ್ನು ಬಿಚ್ಚದೆ ಬಿಟ್ಟಿದ್ದೆ, ಸೋಮಾರಿತನಕ್ಕೆ.
ಮೊದಲು ಉಗುರಿನಿಂದ ಹೊಲಿಗೆ ಎಣಿಸಿದಳು:
ಇಂಚಿಗೆ ಏಳು. ತಲೆಯಾಡಿಸಿದಳು.
ಆಮೇಲೆ ಜೇಬಿಗೆ ಕೈ ಹಾಕಿದಳು,
ತಾನೇ ಏನೋ ಇಟ್ಟು ಮರೆತವಳಂತೆ.
ಸಿಕ್ಕಿದ್ದು, ನಾನು ಯುಗಾದಿಯಿಂದ ಹುಡುಕುತ್ತಿದ್ದ
ಮಾರ್ಕಿಂಗ್ ಚಾಕಿನ ತುಂಡು.

"ಎಲ್ಲ ಗೂಟ ನಿಮ್ಮ ಎತ್ತರಕ್ಕೇ ಅದಾವಲ್ರಿ" ಅಂದಳು.
ಬಾಗಿಲ ಪಕ್ಕದ ಗೋಡೆಯಲ್ಲಿ
ತನ್ನ ಹೆಗಲಿನ ಮಟ್ಟಕ್ಕೆ
ಕಾಜಾಕ್ಕೆ ಹಾಕುವಂಥದೇ ಒಂದು ಗುರುತು ಎಳೆದಳು, ಚಿಕ್ಕದು.
"ಇಲ್ಲೊಂದು ಮೊಳೆ ಇದ್ರೆ ಬ್ಯಾಗು ಹಾಕಬಹುದು.
ಯಾರಾದ್ರೂ ಬಂದ್ರೆ."

ಟೀ ಕುಡಿಯದೆ ಹೋದಳು. ಲೋಟ ಒಂದೇ ಇತ್ತು.

ಆ ಚಾಕಿನ ಗುಣ ನನಗೆ ಗೊತ್ತು,
ಉಳಿಯುವುದಕ್ಕೆ ಮಾಡಿದ್ದಲ್ಲ ಅದು.
ಹೊಲಿಗೆ ಬೀಳುವ ತನಕ ಇದ್ದರೆ ಸಾಕು,
ತೋಳು ತಗುಲಿದರೂ ಹೋಗುತ್ತದೆ.
ಮೂರು ದಿನದಿಂದ ಆ ಗೋಡೆಯ ಪಕ್ಕ ಓರೆಯಾಗಿ ನಡೆಯುತ್ತೇನೆ.
ಮೊಳೆ ತಂದಾಗಿದೆ.
ಸುತ್ತಿಗೆಗೆ ಕೆಳಗಿನ ಓನರಮ್ಮನನ್ನೇ ಕೇಳಬೇಕು,
ಕೇಳಿದರೆ, ಯಾಕೆ ಅನ್ನುತ್ತಾಳೆ.